ಪ್ರಾಕ್ಸ್‌ಮಾಕ್ಸ್ ವಿಇ: ಅಪ್‌ಗ್ರೇಡ್ ಕೆಟ್ಟ ದಿನವೇ ಇಷ್ಟವಾದ ಸಾಫ್ಟ್‌ವೇರ್

ನಮ್ಮ ಲೆಕ್ಕಪರಿಶೋಧನಾ ಕಚೇರಿಯ ಒಂಟಿ ಸರ್ವರ್‌ನಲ್ಲಿ, ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರ್‌ಗಳನ್ನು (ವರ್ಚುವಲ್ ಯಂತ್ರಗಳನ್ನು) ಓಡಿಸುವ ಪ್ರಾಕ್ಸ್‌ಮಾಕ್ಸ್ ವಿಇ 6ನೇ ಆವೃತ್ತಿಯ ಕಾಲದಿಂದಲೂ ಇದೆ. ಟ್ಯಾಲಿ ಓಡುವ ವಿಂಡೋಸ್, ಕಡತ ಹಂಚಿಕೆಯ ಲಿನಕ್ಸ್ ಎಲ್ಲವೂ ಅದರೊಳಗಿನ ವರ್ಚುವಲ್ ಯಂತ್ರಗಳು. ದಿನನಿತ್ಯದ ಬಳಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಬ್ರೌಸರ್‌ನಲ್ಲಿ ಸರ್ವರ್‌ನ 8006ನೇ ಪೋರ್ಟ್, ಅಂದರೆ ಅದರ ನಿರ್ವಹಣಾ ಪುಟ, ತೆರೆದರೆ ಎಲ್ಲವೂ ಕಣ್ಣೆದುರಿಗಿರುತ್ತದೆ. ಹೇಳಬೇಕಾದದ್ದು 7ರಿಂದ 8ಕ್ಕೆ ಹೋದ ಕಥೆ.

7ನೇ ಆವೃತ್ತಿಯ ಬೆಂಬಲ 2024ರ ಜುಲೈನಲ್ಲಿ ಮುಗಿಯುವುದಿತ್ತು. ಜುಲೈ ಎಂದರೆ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ತಿಂಗಳು. ಆಗ ಸರ್ವರ್ ಮುಟ್ಟುವ ಮಾತೇ ಇಲ್ಲ. ಜೂನ್‌ನಲ್ಲೇ, ಎಲ್ಲ ಯಂತ್ರಗಳ ಬ್ಯಾಕಪ್ ಬೇರೆ ಡಿಸ್ಕಿಗೆ ತೆಗೆದುಕೊಂಡು ಕೈಹಾಕಿದೆ. ಇದಕ್ಕೆಂದೇ 'ಪಿವಿಇ7ಟು8' ಎಂಬ ಪರೀಕ್ಷಾ ಆಜ್ಞೆಯಿದೆ. ಅದು ಎಚ್ಚರಿಕೆ ಕೊಡುತ್ತದೆ, ತಾನಾಗಿ ಏನನ್ನೂ ತಿದ್ದುವುದಿಲ್ಲ. ಒಳ್ಳೆಯ ಗುಣವೇ.

ಮೊದಲ ತಡೆ ಬಂದದ್ದು ಪ್ಯಾಕೇಜ್‌ಗಳನ್ನು ಏರಿಸುವಾಗ. 'ಪ್ರಾಕ್ಸ್‌ಮಾಕ್ಸ್-ವಿಇ' ಎಂಬ ಮೂಲ ಪ್ಯಾಕೇಜನ್ನೇ ಅಳಿಸಲು ಹೊರಟಿದ್ದೀರಿ ಎಂದು ಎಚ್ಚರಿಸಿ, ಪ್ಯಾಕೇಜ್‌ಗಳನ್ನು ಹಾಕುವ-ತೆಗೆಯುವ ಸಾಧನವಾದ ಎಪಿಟಿ ಅಲ್ಲಿಯೇ ನಿಂತಿತು. ಸರ್ವರ್ ಕೂಡಿಸಿಕೊಟ್ಟ ಮಾರಾಟಗಾರರು ಪ್ರಾಕ್ಸ್‌ಮಾಕ್ಸ್ ಪ್ಯಾಕೇಜ್‌ಗಳಿಗೆ ತಮ್ಮದೇ ಮಿರರ್ (ಪ್ಯಾಕೇಜ್‌ಗಳ ನಕಲು ಇಡುವ ತಾಣ) ವಿಳಾಸ ಹಾಕಿಟ್ಟಿದ್ದರು, ಅದು ಮುಚ್ಚಿಹೋಗಿತ್ತು. ಪ್ರಾಕ್ಸ್‌ಮಾಕ್ಸ್‌ಗೆ ತಳಹದಿಯಾದ ಡೆಬಿಯನ್ ಲಿನಕ್ಸ್‌ನ 12ನೇ ಆವೃತ್ತಿಯ ಹೊಸ ಪ್ಯಾಕೇಜ್‌ಗಳು ಸಿಗುತ್ತಿದ್ದವು, ಅವುಗಳ ಜೊತೆ ಹೊಂದುವ ಪ್ರಾಕ್ಸ್‌ಮಾಕ್ಸ್ ಪ್ಯಾಕೇಜ್‌ಗಳು ಸಿಗುತ್ತಿರಲಿಲ್ಲ. ಹಾಗಾಗಿ ಹಳೆಯದನ್ನು ತೆಗೆಯುವುದೇ ದಾರಿ ಎಂದು ಎಪಿಟಿ ಲೆಕ್ಕ ಹಾಕಿತ್ತು. ಈ ತಡೆಯನ್ನು ದಾಟುವ ಉಪಾಯವನ್ನೂ ಅದೇ ಸಂದೇಶ ಹೇಳಿಕೊಡುತ್ತದೆ. ದಯವಿಟ್ಟು ಆ ಉಪಾಯಕ್ಕೆ ಹೋಗಬೇಡಿ. ಸತ್ತ ವಿಳಾಸ ತೆಗೆದು ಪ್ರಾಕ್ಸ್‌ಮಾಕ್ಸ್‌ನ ಚಂದಾರಹಿತ ರೆಪೊಸಿಟರಿಯ (ಹಣ ಕೊಡದೆ ಬಳಸುವ ಪ್ಯಾಕೇಜ್ ಭಂಡಾರದ) ಸಾಲು ಸೇರಿಸಿದೊಡನೆ ಉಳಿದದ್ದು ಸರಾಗವಾಗಿ ನಡೆಯಿತು.

ರೀಬೂಟ್ ಆದಮೇಲೆ 8006 ತೆರೆಯಲೇ ಇಲ್ಲ. ಪಿಂಗ್‌ಗೂ ಉತ್ತರವಿಲ್ಲ. ಮಾನಿಟರ್ ಜೋಡಿಸಿ ನೋಡಿದರೆ ಯಂತ್ರ ಆರೋಗ್ಯವಾಗಿಯೇ ಇದೆ, ಒಳಗಿನ ವಿಂಡೋಸ್ ಕೂಡ ಎದ್ದು ಕುಳಿತಿದೆ! ಆಗ ಬಂದಿದ್ದ ಪ್ರಾಕ್ಸ್‌ಮಾಕ್ಸ್ 8.2ರ ಜೊತೆಗಿನ 6.8 ಕರ್ನಲ್ (ಲಿನಕ್ಸ್‌ನ ತಿರುಳು) ಕೆಲವು ನೆಟ್‌ವರ್ಕ್ ಕಾರ್ಡ್‌ಗಳನ್ನು ಬೇರೆ ಹೆಸರಿನಿಂದ ಕರೆಯುತ್ತದೆ. ನಮ್ಮ 'ಇಎನ್‌ಒ1' ಹೆಸರಿಗೆ 'ಎನ್‌ಪಿ0' ಎಂಬ ಬಾಲ ಬೆಳೆದಿತ್ತು. ಸರ್ವರನ್ನೂ ವರ್ಚುವಲ್ ಯಂತ್ರಗಳನ್ನೂ ಕಾರ್ಡಿಗೆ ಜೋಡಿಸುವ ಬ್ರಿಡ್ಜ್ ಮಾತ್ರ ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಇಂಟರ್‌ಫೇಸ್ ಕಡತದಲ್ಲಿ ಒಂದು ಪದ ತಿದ್ದಿ, ನೆಟ್‌ವರ್ಕ್ ಮರುಲೋಡ್ ಮಾಡಿದ್ದೇ ಎಲ್ಲವೂ ಹಾಜರು. ಆಮೇಲೆ ಕಾರ್ಡಿನ ಮ್ಯಾಕ್ ವಿಳಾಸಕ್ಕೆ (ಕಾರ್ಡಿನದ್ದೇ ಗುರುತು ಸಂಖ್ಯೆಗೆ) ಒಂದು ಖಾಯಂ ಹೆಸರು ಕಟ್ಟಿಬಿಟ್ಟೆ. 2025ರ ಆಗಸ್ಟ್‌ನಲ್ಲಿ ಬಂದ 9ನೇ ಆವೃತ್ತಿಯಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಆಜ್ಞೆ ಕೊಟ್ಟಿದ್ದಾರೆ.

ನಾನು ಇದನ್ನು ಬಿಡದಿರಲು ಕಾರಣವೂ ಇದೇ. ಬ್ರೌಸರ್ ಪುಟದ ಕೆಳಗಿರುವುದು ಸಾಮಾನ್ಯ ಡೆಬಿಯನ್. ನಿರ್ವಹಣೆಯ ಪರದೆ ಕೈಕೊಟ್ಟರೂ ಕೀಲಿಮಣೆಯ ಮುಂದೆ ಕುಳಿತು, ಓದಬಲ್ಲ ಕಡತಗಳನ್ನು ತೆರೆದು ರಿಪೇರಿ ಮಾಡಬಹುದು. ಆದರೆ ಲಿನಕ್ಸ್ ಬಲ್ಲವರು ಒಬ್ಬರೂ ಇಲ್ಲದ ಕಚೇರಿಗೆ ಇದನ್ನು ಸೂಚಿಸಲಾರೆ. ಚಂದಾ ಇಲ್ಲವೆಂದು ಪ್ರತಿ ಲಾಗಿನ್‌ನಲ್ಲೂ ಎದುರಾಗುವ ಪೆಟ್ಟಿಗೆ ಕಿರಿಕಿರಿಯೇ. ಉಚಿತವಾಗಿ ಬಳಸುವವರು ಸಹಿಸಿಕೊಳ್ಳಬೇಕು.

ನಿಮ್ಮ ಸರ್ವರ್ ಬೇರೆ ಊರಿನ ಡೇಟಾ ಸೆಂಟರ್‌ನಲ್ಲಿದ್ದರೆ, ಐಪಿಎಂಐ ಅಥವಾ ಅಂಥದ್ದೇ ದೂರ ಕನ್ಸೋಲ್ (ಸರ್ವರ್‌ನ ಪರದೆ, ಕೀಲಿಮಣೆಗಳನ್ನು ದೂರದಿಂದಲೇ ಬಳಸುವ ವ್ಯವಸ್ಥೆ) ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಿಕೊಂಡ ಮೇಲಷ್ಟೇ ಅಪ್‌ಗ್ರೇಡ್ ಶುರುಮಾಡಿ. ಕಾರ್ಡಿನ ಹೆಸರು ಬದಲಾದರೆ ನೆಟ್‌ವರ್ಕ್ ಮೂಲಕ ಆಜ್ಞೆ ಕೊಡುವ ಎಸ್‌ಎಸ್‌ಎಚ್ ಕೂಡ ಸಿಗುವುದಿಲ್ಲ.