ಎಂ.ಡಿಸ್ ಎಂದು ಹೇಳಿ ಸೇರಿಸಿಕೊಂಡರು, ರಸೀದಿ ಬೇರೆಯೇ ಹೇಳಿತು

ಸಂವಹನ ವಿನ್ಯಾಸದಲ್ಲಿ ಎಂ.ಡಿಸ್ (ಮಾಸ್ಟರ್ ಆಫ್ ಡಿಸೈನ್) ಎಂಬ ಸ್ನಾತಕೋತ್ತರ ಪದವಿ ಓದಲು ಬೆಂಗಳೂರಿನಲ್ಲಿ ಕಾಲೇಜು ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಣ ಕಟ್ಟುವ ಮೊದಲೇ ಓದಿ. ನನಗೆ ವಿಷಯ ತಿಳಿದದ್ದು ಕಟ್ಟಿದ ಮೇಲೆ. 2,36,000 ರೂಪಾಯಿ ಕೈಬಿಟ್ಟು ಹೋಗಿದೆ. ಅಮ್ಮನ ಎರಡೆಳೆ ಸರ ಇವತ್ತಿಗೂ ಅರಸೀಕೆರೆಯ ಸಹಕಾರ ಸಂಘದಲ್ಲಿ ಅಡವಿದೆ. ದೂರು ಕೊಟ್ಟಿರುವುದರಿಂದ ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಮೆಟ್ರೊ ಇಳಿದು ಐದು ನಿಮಿಷ ನಡೆದರೆ ಸಿಗುವ ಗಾಜಿನ ಕಟ್ಟಡ, ಒಳಗೆ ಕಾಫಿ ಯಂತ್ರ, ಗೋಡೆ ತುಂಬ ಪೋಸ್ಟರುಗಳು. ಇಂಥವು ಈ ಊರಿನಲ್ಲಿ ಒಂದೆರಡಲ್ಲ.

ನಾನು ಬಿ.ವಿ.ಎ. (ದೃಶ್ಯಕಲಾ ಪದವಿ) ಮುಗಿಸಿ ನಾಲ್ಕು ವರ್ಷ ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ ಪುಟ ವಿನ್ಯಾಸ ಮಾಡಿದವಳು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘಗಳ ವಾರ್ಷಿಕ ವರದಿ, ಎಲ್ಲವನ್ನೂ ಮಾಡಿದ್ದೇನೆ. ಜನ ಇಂದಿಗೂ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿದ ಹಳೆಯ ಕಡತಗಳನ್ನು ತರುತ್ತಾರೆ. ಅದನ್ನು ಯೂನಿಕೋಡಿಗೆ ಬದಲಾಯಿಸಿ, ಬದಲಾಯಿಸುವಾಗ ಕೆಟ್ಟ ಒತ್ತಕ್ಷರಗಳನ್ನು ಒಂದೊಂದಾಗಿ ಸರಿಪಡಿಸುವುದೇ ಅರ್ಧ ದಿನದ ಕೆಲಸ. ಕನ್ನಡದ ಅಕ್ಷರ ವಿನ್ಯಾಸವನ್ನು ಸರಿಯಾಗಿ ಕಲಿಯಬೇಕು ಎಂಬ ಆಸೆ ಹುಟ್ಟಿದ್ದು ಅಲ್ಲಿಯೇ. ಎಂ.ಡಿಸ್ ಪ್ರವೇಶಕ್ಕೆ ಮುಂಬೈ ಐಐಟಿ ನಡೆಸುವ ಸೀಡ್ ಪರೀಕ್ಷೆ ಬರೆದೆ. ಕಂಪ್ಯೂಟರಿನಲ್ಲಿ ಬರೆಯುವ ಮೊದಲ ಭಾಗದ ಅಂಕ ಸಾಲದಿದ್ದರೆ ಎರಡನೆಯ ಭಾಗದ ಚಿತ್ರಗಳ ಮೌಲ್ಯಮಾಪನವೇ ಆಗುವುದಿಲ್ಲ. ನನ್ನ ಚಿತ್ರಗಳನ್ನು ಯಾರೂ ನೋಡಲಿಲ್ಲ. ಬೆಂಗಳೂರಿನಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯಲ್ಲಿ ಎಂ.ಡಿಸ್ ಇದೆ, ಆದರೆ ಅದು ಉತ್ಪನ್ನ ವಿನ್ಯಾಸದ್ದು. ಇನ್ನೊಂದು ವರ್ಷ ಕಾಯಬೇಕಲ್ಲ ಎಂದು ಕುಗ್ಗಿದ್ದ ಹೊತ್ತಿನಲ್ಲಿ ಈ ಸಂಸ್ಥೆಯವರ ಫೋನ್ ಬಂತು.

"ಮೇಡಂ, ಸೀಡ್ ಅಂಕ ಬೇಕಿಲ್ಲ. ನಿಮ್ಮ ಪೋರ್ಟ್‌ಫೋಲಿಯೊ ನೋಡಿದೆವು, ನಮ್ಮ ಸಮಿತಿಗೆ ತುಂಬ ಹಿಡಿಸಿದೆ."

ನಾಲ್ಕು ವರ್ಷ ನನ್ನ ಕೆಲಸವನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಸೋತದ್ದು ಅಲ್ಲಿಯೇ. ರಾತ್ರಿ ಒಂಬತ್ತಕ್ಕೆ ಮತ್ತೆ ಕರೆ. ಎರಡೇ ಸೀಟು ಉಳಿದಿವೆ, ಹನ್ನೆರಡು ಗಂಟೆಯೊಳಗೆ 25,000 ಕಟ್ಟಿದರೆ ಶುಲ್ಕದಲ್ಲಿ ರಿಯಾಯಿತಿ, ನಾಳೆಯಾದರೆ ಇಲ್ಲ. ನಾನು ಸ್ಪಷ್ಟವಾಗಿ ಕೇಳಿದೆ, "ಇದು ಎಂ.ಡಿಸ್ ಪದವಿಯೇ ತಾನೆ?" ಅವರು ಅಷ್ಟೇ ಸ್ಪಷ್ಟವಾಗಿ ಹೇಳಿದರು, "ಹೌದು ಮೇಡಂ, ಯುಜಿಸಿ ಮಾನ್ಯತೆ ಇರುವ ವಿಶ್ವವಿದ್ಯಾಲಯದ ಪದವಿ." ಯುಜಿಸಿ ಎಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ. ಹೊರರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಹೆಸರನ್ನೂ ಹೇಳಿದರು. ಆ ಹೆಸರು ಅವರ ಕೈಪಿಡಿಯಲ್ಲಿಯೂ ಇತ್ತು, ಲಾಂಛನದ ಸಮೇತ.

ಇದನ್ನು ಗಮನಿಸಿ. ಎಂ.ಡಿಸ್ ಎಂಬ ಮಾತು ಬಂದದ್ದೆಲ್ಲ ಫೋನಿನಲ್ಲಿ. ಆಮೇಲೆ ಕುಳಿತು ಅವರ ಎಲ್ಲ ಸಂದೇಶಗಳನ್ನೂ ಇ-ಮೇಲ್‌ಗಳನ್ನೂ ತೆಗೆದು ನೋಡಿದೆ. ಒಂದರಲ್ಲಿಯೂ ಎಂ.ಡಿಸ್ ಎಂದು ಬರೆದಿಲ್ಲ. ಎಲ್ಲ ಕಡೆ "ಪಿ.ಜಿ. ಪ್ರೋಗ್ರಾಂ". ಒಂದೇ ಒಂದು ಕಡೆಯಾದರೂ ಕೈತಪ್ಪಿ ಬರೆದಿರಬಹುದೇ ಎಂದು ಹುಡುಕಿದೆ. ಇಲ್ಲ. ಅಷ್ಟು ಎಚ್ಚರಿಕೆಯಿಂದ ಬರೆದಿದ್ದಾರೆ.

ಶಿಕ್ಷಣ ಸಾಲಕ್ಕೆ ಊರಿನ ಬ್ಯಾಂಕಿಗೆ ಹೋದಾಗ ಮ್ಯಾನೇಜರು ಮಾನ್ಯತೆಯ ಪತ್ರ ತನ್ನಿ ಎಂದರು. ಇವರನ್ನು ಕೇಳಿದರೆ, "ಬ್ಯಾಂಕು ಏಕೆ ಮೇಡಂ, ತಿಂಗಳುಗಟ್ಟಲೆ ಓಡಾಡಿಸುತ್ತಾರೆ, ನಮ್ಮ ಜೊತೆ ಒಪ್ಪಂದ ಇರುವ ಫೈನಾನ್ಸ್ ಕಂಪನಿ ಇದೆ, ಎರಡು ದಿನದಲ್ಲಿ ಸಾಲ" ಎಂದರು. ಆ ಸಾಲದ ಬಡ್ಡಿ ಕೇಳಿ ಅಪ್ಪ ಬೇಡವೆಂದರು. ಅಮ್ಮ ಸರ ಬಿಚ್ಚಿ ಕೊಟ್ಟರು. ಕೊಟ್ಟಿದ್ದ 25,000 ಕಳೆದು ಮೊದಲ ಕಂತಿನಲ್ಲಿ ಉಳಿದ 2,11,000 ಕಟ್ಟಿದೆ. ಮೂಲ ಅಂಕಪಟ್ಟಿಗಳನ್ನೂ "ಪರಿಶೀಲನೆಗೆ" ಎಂದು ಇಟ್ಟುಕೊಂಡರು.

ಮೊದಲ ವಾರದಲ್ಲೇ ಅನುಮಾನ ಬರಬೇಕಿತ್ತು. ರಾಜ್ಯೋತ್ಸವದ ಒಂದು ಪೋಸ್ಟರನ್ನು ಮಾದರಿಯಾಗಿ ಮಾಡಿ ತೋರಿಸಲು ಪಾಠ ಮಾಡುವವರು ಕನ್ನಡ ಸಾಲನ್ನು ತಂದು ಅಂಟಿಸಿದರು. ಪರದೆಯ ಮೇಲೆ "ಕನ್‌ನಡ ರಾಜ್‌ಯೋತ್‌ಸವ" ಎಂದು ಮೂಡಿತು. ಒತ್ತುಗಳೆಲ್ಲ ಬಿಚ್ಚಿಕೊಂಡು ಅಕ್ಷರಗಳು ಸಾಲಾಗಿ ನಿಂತಿವೆ. ಅವರು ಫಾಂಟ್ ಬದಲಾಯಿಸಿದರು, ಮತ್ತೆ ಹಾಗೆಯೇ. ಇನ್ನೊಂದು ಫಾಂಟ್, ಮತ್ತೆ ಹಾಗೆಯೇ. "ಕನ್ನಡದ ಫಾಂಟುಗಳೇ ಹೀಗೆ, ಚಿತ್ರವಾಗಿ ಮಾಡಿಕೊಳ್ಳಿ" ಎಂದರು. ಅಡೋಬಿಯ ತಂತ್ರಾಂಶದಲ್ಲಿ ಪ್ಯಾರಾಗ್ರಾಫಿನ ಆಯ್ಕೆಗೆ ಹೋಗಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಂಡರೆ ಒತ್ತು ತಾನಾಗಿ ಕೂಡಿಕೊಳ್ಳುತ್ತದೆ. ನಮ್ಮ ಪ್ರೆಸ್ಸಿಗೆ ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲ ದಿನ ಹೇಳಿಕೊಡುವ ಪಾಠ ಅದು. ಎದ್ದುಹೋಗಿ ನಾನೇ ಸರಿಮಾಡಿಕೊಟ್ಟೆ. ಪಾಠ ಮಾಡುತ್ತಿದ್ದವರು ಹಿಂದಿನ ವರ್ಷ ಅಲ್ಲಿಯೇ ಓದಿ ಮುಗಿಸಿದವರು ಎಂದು ಊಟದ ಹೊತ್ತಿನಲ್ಲಿ ತಿಳಿಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನನ್ನ ಹಾಗೆಯೇ ಹಣ ಕಟ್ಟಿ ಬಂದವರು.

ಸತ್ಯ ಗೊತ್ತಾದದ್ದು ಮೂರನೆಯ ವಾರ. ಬಾಕಿ ಇದ್ದ ಸಂಬಳ ತರಲು ಪ್ರೆಸ್ಸಿಗೆ ಹೋಗಿದ್ದೆ. ಲೆಕ್ಕ ಬರೆಯುವ ರಾಯರು, "ಎಷ್ಟಾಯಿತಮ್ಮಾ ಫೀಸು, ರಸೀದಿ ತೋರಿಸು ನೋಡೋಣ" ಎಂದರು. ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದರು. ಶುಲ್ಕ 2,00,000. ಅದರ ಕೆಳಗೆ ಜಿಎಸ್‌ಟಿ ಶೇ 18, 36,000.

"ಏನಮ್ಮಾ, ಪದವಿಗೆ ಜಿಎಸ್‌ಟಿ ಏಕೆ ಹಾಕಿದ್ದಾರೆ?"

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಕಾನೂನಿನ ಮಾನ್ಯತೆ ಇರುವ ಪದವಿಗಾಗಿ ಕಾಲೇಜು ವಿದ್ಯಾರ್ಥಿಯಿಂದ ಪಡೆಯುವ ಬೋಧನಾ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಶೇ 18 ಬೀಳುವುದು ಕೋಚಿಂಗ್ ಮತ್ತು ಖಾಸಗಿ ತರಬೇತಿಗೆ. ರಸೀದಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 999293 ಎಂಬ ಸಂಖ್ಯೆ ಇತ್ತು. ಅದು ವಾಣಿಜ್ಯ ತರಬೇತಿ ಮತ್ತು ಕೋಚಿಂಗ್ ಸೇವೆಯ ಸಂಕೇತ ಎಂದರು. ಸರ್ಕಾರಕ್ಕೆ ಇವರು ಸತ್ಯವನ್ನೇ ಹೇಳಿದ್ದಾರೆ. ಸುಳ್ಳು ಹೇಳಿದ್ದು ನನಗೆ ಮಾತ್ರ. ಪುಟ ಜೋಡಿಸುವುದೇ ಕಸುಬಾಗಿರುವ ನಾನು, ಎಂಟು ಪಾಯಿಂಟಿನ ಅಕ್ಷರದಲ್ಲಿ ತಪ್ಪು ಹುಡುಕುವ ನಾನು, ನನ್ನದೇ ರಸೀದಿಯ ಮೂಲೆಯನ್ನು ಓದಿರಲಿಲ್ಲ. ರಾಯರ ಮುಂದೆ ಮುಖ ಎತ್ತಲಾಗಲಿಲ್ಲ.

ಅಂದೇ ಆ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಗೆ ಇ-ಮೇಲ್ ಬರೆದೆ. ನಾಲ್ಕು ದಿನದಲ್ಲಿ ಉತ್ತರ ಬಂತು. ಬೆಂಗಳೂರಿನಲ್ಲಿ ನಮ್ಮ ಯಾವ ಕೇಂದ್ರವೂ ಇಲ್ಲ, ನಿಮ್ಮ ಹೆಸರು ನಮ್ಮ ದಾಖಲಾತಿಯಲ್ಲಿ ಇಲ್ಲ. ಒಂದು ರಾಜ್ಯದ ಕಾಯ್ದೆಯಿಂದ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯ ಇನ್ನೊಂದು ರಾಜ್ಯದಲ್ಲಿ ಕೇಂದ್ರ ತೆರೆದು ಪದವಿ ಹಂಚುವಂತಿಲ್ಲ. ಛತ್ತೀಸಗಡದ ಖಾಸಗಿ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿಯೇ ಇದನ್ನು ತೀರ್ಮಾನಿಸಿದೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಆ ಉತ್ತರದ ಪ್ರತಿ ಹಿಡಿದು ಸಂಸ್ಥೆಗೆ ಹೋದೆ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದ ಕೌನ್ಸೆಲರ್ ರಜೆಯಲ್ಲಿದ್ದರು. ಮುಖ್ಯಸ್ಥರೆಂದು ಒಬ್ಬರು ಕುಳ್ಳಿರಿಸಿ, ಕಾಫಿ ತರಿಸಿ, ಹೇಳಿದ ಮಾತು ಇದು. "ನೋಡಿ, ಈ ಉದ್ಯಮದಲ್ಲಿ ಡಿಗ್ರಿ ಯಾರು ಕೇಳುತ್ತಾರೆ? ಪೋರ್ಟ್‌ಫೋಲಿಯೊ ಮುಖ್ಯ." ನಾನು ಹೇಳಿದೆ, ಪೋರ್ಟ್‌ಫೋಲಿಯೊ ನನ್ನ ಹತ್ತಿರ ಮೊದಲೇ ಇತ್ತು ಸರ್, ನೀವು ಹಣ ತೆಗೆದುಕೊಂಡಿದ್ದು ಪದವಿಗೆ. "ನಾವು ಎಂ.ಡಿಸ್ ಎಂದು ಎಲ್ಲಿ ಬರೆದಿದ್ದೇವೆ, ತೋರಿಸಿ" ಎಂದರು. ತೋರಿಸಲು ಏನೂ ಇರಲಿಲ್ಲ.

ಶುಲ್ಕ ವಾಪಸು ಕೇಳಿದೆ. ಯುಜಿಸಿಯ 2018ರ ಅಕ್ಟೋಬರ್ ಅಧಿಸೂಚನೆಯನ್ನು ಓದಿಕೊಂಡೇ ಹೋಗಿದ್ದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ, ಕೊನೆಯ ದಿನದ ನಂತರದ 15 ದಿನದೊಳಗೆ ಬಿಟ್ಟರೂ ಶೇ 80 ಶುಲ್ಕ ಹಿಂದಿರುಗಿಸಬೇಕು, ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಅದರಲ್ಲಿದೆ. ಪ್ರತಿಯನ್ನು ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ಮುಟ್ಟಲೂ ಇಲ್ಲ.

"ಮೇಡಂ, ನಾವು ಯುಜಿಸಿ ಅಡಿಯಲ್ಲಿ ಬರುವುದೇ ಇಲ್ಲ."

ಸೇರಿಸಿಕೊಳ್ಳುವಾಗ ಯುಜಿಸಿ ಮಾನ್ಯತೆ. ಹಣ ವಾಪಸು ಕೇಳಿದಾಗ ಯುಜಿಸಿಗೂ ನಮಗೂ ಸಂಬಂಧವಿಲ್ಲ. ಅದೇ ಸಂಸ್ಥೆ, ಅದೇ ಕಟ್ಟಡ, ನಡುವೆ ಒಂದೂವರೆ ತಿಂಗಳು. ಈ ಮಾತನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಅಂಕಪಟ್ಟಿಗಳಿಗಾಗಿ ನಾಲ್ಕು ಸಲ ಓಡಾಡಿದೆ. ಕೀಲಿ ಇಲ್ಲ, ಸಂಬಂಧಪಟ್ಟವರು ಇಲ್ಲ, ನೋ ಡ್ಯೂ ಪತ್ರ ತನ್ನಿ. ನಾಲ್ಕನೆಯ ಸಲ ಅಪ್ಪ ಜೊತೆಗೆ ಬಂದು, ಕೊಡುವವರೆಗೂ ಏಳುವುದಿಲ್ಲ ಎಂದು ಸ್ವಾಗತದ ಕುರ್ಚಿಯಲ್ಲಿ ಕುಳಿತುಬಿಟ್ಟರು. ಹೊಸದಾಗಿ ಸೀಟು ವಿಚಾರಿಸಲು ಬಂದಿದ್ದ ಒಂದು ಕುಟುಂಬದ ಹತ್ತಿರ ಅಪ್ಪ ಮಾತಿಗೆ ಶುರು ಮಾಡಿದ ಹತ್ತು ನಿಮಿಷಕ್ಕೆ ಅಂಕಪಟ್ಟಿಗಳು ಹೊರಗೆ ಬಂದವು. ಹಣ ಬಂದಿಲ್ಲ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟ ಮೇಲೆ, ತಕರಾರು ಇಲ್ಲವೆಂದು ಬರೆದುಕೊಟ್ಟರೆ 40,000 ಕೊಡುತ್ತೇವೆ ಎಂದು ಫೋನ್ ಮಾಡಿದರು. ಮತ್ತೆ ಫೋನಿನಲ್ಲಿಯೇ. ಬರೆದು ಕಳಿಸಿ ಎಂದೆ, ಕಳಿಸಲಿಲ್ಲ. ನಾನು ಸಹಿ ಹಾಕುವುದಿಲ್ಲ.

ಸೇರಬೇಕೆಂದಿರುವವರಿಗೆ ಹೇಳುವುದು ಇಷ್ಟೇ. ಪದವಿಯ ಪೂರ್ಣ ಹೆಸರು, ಅದನ್ನು ಕೊಡುವ ವಿಶ್ವವಿದ್ಯಾಲಯ, ಪಾಠ ನಡೆಯುವ ವಿಳಾಸ, ಈ ಮೂರನ್ನೂ ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಎದ್ದು ಬನ್ನಿ. 1956ರ ಯುಜಿಸಿ ಕಾಯ್ದೆಯ 22ನೆಯ ಕಲಮಿನ ಪ್ರಕಾರ ಪದವಿ ಕೊಡುವ ಅಧಿಕಾರ ಇರುವುದು ಕಾಯ್ದೆಯಿಂದ ಸ್ಥಾಪನೆಯಾದ ಅಥವಾ ಡೀಮ್ಡ್ ವಿಶ್ವವಿದ್ಯಾಲಯಕ್ಕೆ, ಇಲ್ಲವೇ ಸಂಸತ್ತೇ ಆ ಅಧಿಕಾರ ಕೊಟ್ಟ ಸಂಸ್ಥೆಗೆ. ಗಾಜಿನ ಕಟ್ಟಡಕ್ಕಲ್ಲ. ವಿಶ್ವವಿದ್ಯಾಲಯದ ಹೆಸರು ಹೇಳಿದರೆ ಅದರ ಕುಲಸಚಿವರಿಗೇ ಬರೆದು ಕೇಳಿ. ಹಿಂದಿನ ವರ್ಷ ಮುಗಿಸಿದವರ ಪದವಿ ಪ್ರಮಾಣಪತ್ರವನ್ನು ಕಣ್ಣಾರೆ ನೋಡಿ. ಮೂಲ ಅಂಕಪಟ್ಟಿ ಕೊಡಬೇಡಿ. ರಾತ್ರಿ ಹನ್ನೆರಡರ ಗಡುವು ಹಾಕುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನನ್ನ ಜೊತೆ ಸೇರಿದವರಲ್ಲಿ ಹದಿನಾಲ್ಕು ಮಂದಿ ಇನ್ನೂ ಅಲ್ಲಿದ್ದಾರೆ. ಇಬ್ಬರು ನನ್ನ ಮಾತು ನಂಬಿಲ್ಲ, ಕೆಲವರು ಮನೆಯಲ್ಲಿ ಹೇಳಲು ಹೆದರುತ್ತಿದ್ದಾರೆ. ಅವರ ಅಪ್ಪ ಅಮ್ಮ ಯಾರಾದರೂ ಇದನ್ನು ಓದುತ್ತಿದ್ದರೆ ಮಕ್ಕಳನ್ನು ಬಯ್ಯಬೇಡಿ. ರಸೀದಿ ತೆಗೆದು ಜಿಎಸ್‌ಟಿ ಇದೆಯೇ ನೋಡಿ. ಎರಡನೆಯ ಕಂತಿಗೆ ಕೊನೆಯ ದಿನ ಇದೇ 30.