ಯುಎಸ್‌ಬಿ ಸ್ಯಾಟಲೈಟ್ ಟ್ಯೂನರ್: ನಾಲ್ಕು ಮಳೆಗಾಲ ದಾಟಿದ ಮೇಲೆ

ಕಂಪ್ಯೂಟರಿನಲ್ಲೇ ಟಿವಿ ಹಿಡಿದು ರೆಕಾರ್ಡ್ ಮಾಡಲು ಒಂದು ಟ್ಯೂನರ್ ಬೇಕಿತ್ತು. ಮೊದಲ ಸಲ ನಾನು ತರಿಸಿದ್ದೇ ತಪ್ಪು ಸಾಮಾನು. ಎಂಟುನೂರು ರೂಪಾಯಿಗೆ ಸಿಕ್ಕಿತಲ್ಲ ಎಂದು ಟವರ್‌ಗಳಿಂದ ಬರುವ ಡಿಜಿಟಲ್ ಟಿವಿ ಹಿಡಿಯುವ, ಪೆನ್‌ಡ್ರೈವ್ ಗಾತ್ರದ ಡಿವಿಬಿ-ಟಿ ಡಾಂಗಲ್ ತರಿಸಿದೆ. ಸಾಗರದ ಹತ್ತಿರದ ನಮ್ಮೂರಲ್ಲಿ ಎಷ್ಟು ಸ್ಕ್ಯಾನ್ ಮಾಡಿದರೂ ಚಾನೆಲ್ ಸೊನ್ನೆ. ಬರುವುದಾದರೂ ಎಲ್ಲಿಂದ? ದೂರದರ್ಶನ 2016ರಲ್ಲಿ ಟವರ್‌ಗಳಿಂದ ಡಿಜಿಟಲ್ ಪ್ರಸಾರ ಶುರು ಮಾಡಿದ್ದು ಬೆಂಗಳೂರೂ ಸೇರಿ 16 ನಗರಗಳಲ್ಲಿ, ಅದೂ ಮುಂದಿನ ತಲೆಮಾರಿನ ಡಿವಿಬಿ-ಟಿ2ರಲ್ಲಿ. ನನ್ನ ಡಾಂಗಲ್ಲಿನ ಆರ್‌ಟಿಎಲ್2832ಯು ಚಿಪ್ಪಿಗೆ ಟಿ2 ಗೊತ್ತೇ ಇಲ್ಲ. ಬೆಂಗಳೂರಿಗೆ ಹೊತ್ತುಕೊಂಡು ಹೋಗಿದ್ದರೂ ಅಷ್ಟೇ ಕಥೆ. ಪಾಪ, ಅದು ಈಗ ಎಫ್‌ಎಂ ರೇಡಿಯೊ ಆಗಿ ದುಡಿಯುತ್ತಿದೆ. ಆ ಕೆಲಸದಲ್ಲಿ ಅದರ ಬಗ್ಗೆ ದೂರಿಲ್ಲ.

ಎರಡನೆಯ ಸಲ ಬುದ್ಧಿ ಬಂದಿತ್ತು. ನಾಲ್ಕು ಸಾವಿರದ ಚಿಲ್ಲರೆಗೆ, ಉಪಗ್ರಹದ ಸಿಗ್ನಲ್ ಹಿಡಿಯುವ ಡಿವಿಬಿ-ಎಸ್2 ಟ್ಯೂನರ್ ಡಬ್ಬಿ ತಂದೆ. ಅಟ್ಟದಲ್ಲಿದ್ದ ಹಳೇ ಡಿಶ್ ಇಳಿಸಿ ದೂರದರ್ಶನದ ಉಚಿತ ಸೇವೆ ಡಿಡಿ ಫ್ರೀ ಡಿಶ್‌ಗೆ, ಅಂದರೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹಕ್ಕೆ ತಿರುಗಿಸಬೇಕಿತ್ತು. ನಮ್ಮ ಕಡೆಯಿಂದ ಅದು ಆಗ್ನೇಯಕ್ಕೆ, ಸುಮಾರು 63 ಡಿಗ್ರಿ ಎತ್ತರದಲ್ಲಿ. ಅಷ್ಟು ಮೇಲಿರುವುದರಿಂದ ಅಡಿಕೆ ಮರಗಳ ಕಾಟ ಕಡಿಮೆ. ನಾನು ಏಣಿ ಮೇಲೆ, ಅಪ್ಪಯ್ಯ ಒಳಗೆ ಲ್ಯಾಪ್‌ಟಾಪ್ ಮುಂದೆ. ಪರದೆ ಮೇಲಿನ ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜೋರಾಗಿದೆ ಎನ್ನುವ ಅಳತೆ) ನೋಡಿ ಅವರು ಕೂಗುವುದು: "ಒಂಬತ್ತು... ಹನ್ನೊಂದು... ಅಯ್ಯೋ, ಹೋತು!" ಬೆರಳಷ್ಟು ಅಲುಗಿದರೆ ಸಾಕು, ಹೋಗಿಬಿಡುತ್ತದೆ. ಅರ್ಧ ದಿನ ಹಿಡಿಯಿತು.

ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಟಿವಿ ರೆಕಾರ್ಡ್ ಮಾಡಿ ಹಂಚುವ ಟಿವಿಹೆಡ್‌ಎಂಡ್ ಎಂಬ ತಂತ್ರಾಂಶ ಓಡಿಸುತ್ತಿದ್ದೇನೆ. ಟಿವಿ ನೋಡುವುದಕ್ಕಿಂತ ರೆಕಾರ್ಡಿಂಗೇ ನನಗೆ ಮುಖ್ಯ. ಅಪ್ಪಯ್ಯನಿಗೆ ಚಂದನದಲ್ಲಿ ಯಕ್ಷಗಾನ ಬಂದರೆ ಬಿಡಬಾರದು, ಆದರೆ ಅವರಿಗೆ ಬೇಕಾದಾಗ ಅದು ಬರುವುದಿಲ್ಲ. ಗಂಟೆಗೆ ಹೆಚ್ಚುಕಡಿಮೆ ಒಂದು ಜಿಬಿ ಹಿಡಿಯುತ್ತದೆ. ಗಾಳಿಯಲ್ಲಿ ಬಂದ ಸ್ಟ್ರೀಮನ್ನು ಹಾಗೇ ಡಿಸ್ಕಿಗೆ ಇಳಿಸುವುದಷ್ಟೇ ಕೆಲಸ, ಹಾಗಾಗಿ ಲ್ಯಾಪ್‌ಟಾಪ್ ಬಿಸಿಯೂ ಆಗುವುದಿಲ್ಲ. ನನಗೆ ಬಹಳ ಇಷ್ಟವಾದದ್ದು ಇನ್ನೊಂದು: ಒಂದೇ ಟ್ರಾನ್ಸ್‌ಪಾಂಡರಿನಲ್ಲಿ (ಹಲವು ಚಾನೆಲ್‌ಗಳನ್ನು ಒಟ್ಟಿಗೆ ಕಳಿಸುವ, ಉಪಗ್ರಹದಲ್ಲಿನ ಒಂದು ಪ್ರಸಾರಕ) ಬರುವ ಚಾನೆಲ್‌ಗಳನ್ನು ಒಂದೇ ಟ್ಯೂನರಿನಿಂದ ಏಕಕಾಲಕ್ಕೆ ರೆಕಾರ್ಡ್ ಮಾಡಬಹುದು. ಬೇರೆ ಟ್ರಾನ್ಸ್‌ಪಾಂಡರ್ ಬೇಕೆಂದರೆ ಆಗದು, ಆಗ ಯಾರದಾದರೂ ಒಬ್ಬರ ಕಾರ್ಯಕ್ರಮಕ್ಕೆ ಕತ್ತರಿ. ಕಾರ್ಯಕ್ರಮ ಪಟ್ಟಿಯನ್ನು ನಂಬಿ ಕೂರಬೇಡಿ. ನಾನು ಐದು ನಿಮಿಷ ಮುಂಚೆ ಶುರು, ಹದಿನೈದು ನಿಮಿಷ ತಡವಾಗಿ ಮುಗಿತಾಯ ಅಂತ ಕೈಯಾರೆ ಸಮಯ ಕೊಡುತ್ತೇನೆ. ವಿಎಲ್‌ಸಿಯಲ್ಲಿ ನೋಡುವಾಗ ಮುಖಗಳ ಅಂಚು ಬಾಚಣಿಗೆ ಹಲ್ಲಿನಂತೆ ಕಂಡರೆ ಡಿಇಂಟರ್‌ಲೇಸ್ ಆನ್ ಮಾಡಿ, ಸರಿಹೋಗುತ್ತದೆ.

ಇನ್ನು ಮಳೆ. ಈ ಡಿಶ್‌ಗೆ ಬರುವ ಕೆಯು ಬ್ಯಾಂಡ್ ತರಂಗಗಳಿಗೂ ಮಲೆನಾಡಿಗೂ ಆಗಿಬರುವುದಿಲ್ಲ. ಬಿಸಿಲಲ್ಲಿ 12-13 ಡಿಬಿ ತೋರಿಸುವ ಎಸ್‌ಎನ್‌ಆರ್, ಪುನರ್ವಸು ಮಳೆ ಹೊಡೆಯುವಾಗ 6ರ ಹತ್ತಿರ ಇಳಿಯುತ್ತದೆ. ಅಲ್ಲಿಂದ ಚಿತ್ರ ಚೌಕ ಚೌಕ, ಆಮೇಲೆ ಏನೂ ಇಲ್ಲ. ಜಿಟಿಜಿಟಿ ಮಳೆಗೆ ಜಗ್ಗುವುದಿಲ್ಲ, ದಪ್ಪ ಹನಿ ಜಡಿಯುವಾಗ ಮಾತ್ರ ತಪ್ಪಿದ್ದಲ್ಲ. ಎರಡನೇ ವರ್ಷ 60 ಸೆಂಟಿಮೀಟರ್ ಡಿಶ್ ತೆಗೆದು 90ರದ್ದು ಹಾಕಿದ ಮೇಲೆ ಪರವಾಗಿಲ್ಲ. ಹಾಗೆಂದು ಭಾಗವತರ ಪದ ಅರ್ಧಕ್ಕೆ ನಿಲ್ಲುವುದು ಪೂರ್ತಿ ತಪ್ಪಿಲ್ಲ.

ಟ್ಯೂನರ್ ಡಬ್ಬಿ ಇದುವರೆಗೆ ಒಮ್ಮೆಯೂ ಕೆಟ್ಟಿಲ್ಲ, ಕೆಟ್ಟಿದ್ದೆಲ್ಲ ಅದರ ಪರಿವಾರ. ಮೂರನೇ ವರ್ಷ ಇದ್ದಕ್ಕಿದ್ದಂತೆ ಸಿಗ್ನಲ್ ಸೊನ್ನೆ. ಕಂಪ್ಯೂಟರಿಗೆ ಟ್ಯೂನರ್ ಕಾಣುತ್ತಿದೆ, ಡ್ರೈವರ್ ಸರಿಯಿದೆ. ಡಿಶ್ ಮೇಲೆ ಅನುಮಾನಪಟ್ಟು ಎರಡು ಸಲ ಏಣಿ ಹತ್ತಿದೆ. ಕೇಬಲ್ ತುದಿಯ ಎಫ್ ಕನೆಕ್ಟರ್ ಬಿಚ್ಚಿದರೆ ತಾಮ್ರದ ತಂತಿ ಹಸಿರುಗಟ್ಟಿತ್ತು. ಕತ್ತರಿಸಿ ಹೊಸದು ಹಾಕಿದೆ, ಆದರೂ ಸೊನ್ನೆ. ಕೊನೆಗೆ ಸಿಕ್ಕಿಬಿದ್ದದ್ದು ಅಡಾಪ್ಟರ್. ಡಿಶ್ ಮೇಲಿನ ಎಲ್‌ಎನ್‌ಬಿಗೆ, ಅಂದರೆ ಸಿಗ್ನಲ್ ಹಿಡಿದು ಕೇಬಲ್ಲಿಗೆ ಕಳಿಸುವ ಪುಟ್ಟ ಸಾಧನಕ್ಕೆ, 13 ಅಥವಾ 18 ವೋಲ್ಟ್ ಬೇಕು, ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್. ಹಾಗಾಗಿ ಡಬ್ಬಿಗೆ ಬೇರೆ ಅಡಾಪ್ಟರ್ ಇರುತ್ತದೆ, ಅದು ಒಳಗೊಳಗೇ ಸೊರಗಿತ್ತು. ಮೂಲೆ ಸೇರಿದ್ದ ರೌಟರಿನ 12 ವೋಲ್ಟಿನ ಅಡಾಪ್ಟರ್ ಚುಚ್ಚಿದ್ದೇ ತಡ (ಬೇಕಾದಷ್ಟಕ್ಕೆ ಏರಿಸಿಕೊಳ್ಳುವುದು ಡಬ್ಬಿಯ ಕೆಲಸ), ಚಂದನ ಬಂತು.

ಇನ್ನೊಂದು ತಲೆನೋವು ಡ್ರೈವರಿನದು. ನನ್ನ ಟ್ಯೂನರಿನ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿ ಇಲ್ಲ, ತಯಾರಕರು ಕೊಟ್ಟದ್ದನ್ನು ಬೇರೆಯಾಗಿ ಕಟ್ಟಿಕೊಳ್ಳಬೇಕು. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಟ್ಯೂನರ್ ಮಾಯ. ಒಮ್ಮೆ ಹೀಗೇ ಆಗಿ ನವರಾತ್ರಿಯ ಒಂದು ವಾರದ ರೆಕಾರ್ಡಿಂಗ್ ಪೂರ್ತಿ ಹೋಯಿತು. ಅಂದಿನಿಂದ ಅಪ್‌ಡೇಟ್ ತಡೆಹಿಡಿದಿದ್ದೇನೆ. ನೀವು ಕೊಳ್ಳುವುದಾದರೆ ಕರ್ನಲ್ಲಿನಲ್ಲೇ ಡ್ರೈವರ್ ಇರುವ ಚಿಪ್ ನೋಡಿ ಕೊಳ್ಳಿ, ಐನೂರು ಹೆಚ್ಚಾದರೂ ಚಿಂತೆಯಿಲ್ಲ.

ಬರೀ ಟಿವಿ ನೋಡಲು ಇಷ್ಟೆಲ್ಲ ಬೇಕಾ? ಬೇಡ. ಪೆನ್‌ಡ್ರೈವಿಗೆ ರೆಕಾರ್ಡ್ ಮಾಡುವ ಫ್ರೀ ಡಿಶ್ ಸೆಟ್‌ಟಾಪ್ ಬಾಕ್ಸ್ ಇದಕ್ಕಿಂತ ಅಗ್ಗ. ಮನೆಯವರೆಲ್ಲ ಫೋನಿನಲ್ಲೋ ಬೇರೆ ಕೋಣೆಯಲ್ಲೋ ಅದೇ ರೆಕಾರ್ಡಿಂಗ್ ನೋಡಬೇಕು ಎನ್ನುವವರಿಗೆ ಮಾತ್ರ ಇದು. ಗುಡುಗು ಕೇಳಿದ ತಕ್ಷಣ ಕೇಬಲ್ ಕಿತ್ತಿಡುವ ಅಭ್ಯಾಸವೂ ಇರಬೇಕು. ನಮ್ಮಲ್ಲಿ ಅದಕ್ಕೆಂದೇ ಕಿಟಕಿ ಪಕ್ಕ ಒಂದು ಮೊಳೆ ಇದೆ, ಆ ಕೆಲಸ ಅಪ್ಪಯ್ಯನದು.