ಹಾಸನದ ಶಾಖಾ ಗ್ರಂಥಾಲಯ: ಕಾರ್ಯಕ್ರಮಗಳು ಚೆನ್ನಾಗಿವೆ, ಸುದ್ದಿ ಮಾತ್ರ ಹೊಸ್ತಿಲು ದಾಟುವುದಿಲ್ಲ

ಬಳಕೆಯ ಅವಧಿ: ಆರು ವರ್ಷಕ್ಕೂ ಹೆಚ್ಚು
ಬಳಸಿದ್ದು: ಹಾಸನ ನಗರದ ಬಡಾವಣೆಯೊಂದರ ಶಾಖಾ ಗ್ರಂಥಾಲಯ
ಅಂಕ: ಕಾರ್ಯಕ್ರಮಗಳಿಗೆ 5ಕ್ಕೆ 4, ಅವುಗಳ ಸುದ್ದಿ ಮುಟ್ಟಿಸುವುದಕ್ಕೆ 5ಕ್ಕೆ 2

ಇಲ್ಲಿ ಯಾವ ಪುಸ್ತಕ ಇದೆ, ಯಾವುದಿಲ್ಲ ಅನ್ನುವ ವಿಮರ್ಶೆ ಇದಲ್ಲ. ಗ್ರಂಥಾಲಯದೊಳಗೆ ನಡೆಯುವ ಕಥೆ ಹೇಳುವ ಕಾರ್ಯಕ್ರಮ, ಪುಸ್ತಕ ಪ್ರದರ್ಶನ, ಕವಿಗೋಷ್ಠಿ, ಸ್ಪರ್ಧಾತ್ಮಕ ಪರೀಕ್ಷೆಯ ಮಾರ್ಗದರ್ಶನ, ಬೇಸಿಗೆಯ ಮಕ್ಕಳ ಶಿಬಿರ ಇವೆಲ್ಲ ಹೇಗಿವೆ, ಅವು ನಡೆಯುತ್ತಿವೆ ಅನ್ನುವುದು ನಮಗೆ ಹೇಗೆ ಗೊತ್ತಾಗುತ್ತದೆ, ಅಥವಾ ಯಾಕೆ ಗೊತ್ತಾಗುವುದಿಲ್ಲ ಅನ್ನುವುದಷ್ಟೇ ವಿಷಯ.

ಮೊದಲು ಸೂಚನಾ ಫಲಕ. ಬೇರೆ ಯಾವುದನ್ನು ನಂಬದಿದ್ದರೂ ಇದನ್ನು ನಂಬಬಹುದು. ಗಾಜಿನ ಬಾಗಿಲು, ಒಳಗೆ ಹಸಿರು ಬಟ್ಟೆ ಹೊದಿಸಿದ ಮೆತ್ತನೆಯ ಹಲಗೆ, ಸುಮಾರು ನಾಲ್ಕಡಿ ಅಗಲ, ಮೂರಡಿ ಎತ್ತರ. ಎ4 ಹಾಳೆಗಳನ್ನು ಒತ್ತಾಗಿ ಜೋಡಿಸಿದರೆ ಸಾಲಿಗೆ ಐದರಂತೆ ಮೂರು ಸಾಲು, ಒಟ್ಟು 15 ಹಾಳೆ ಹಿಡಿಯುತ್ತದೆ. ರಜಾದಿನಗಳ ಪಟ್ಟಿ, ಮಾಹಿತಿ ಹಕ್ಕಿನ ಅಧಿಕಾರಿಯ ವಿವರ, ಓದುಗರ ನಿಯಮಗಳು, ಇಲಾಖೆಯ ಸುತ್ತೋಲೆಗಳು ವರ್ಷಪೂರ್ತಿ ಮೇಲಿನ ಎರಡು ಸಾಲು ಬಿಟ್ಟು ಕದಲುವುದಿಲ್ಲ. ಕಾರ್ಯಕ್ರಮದ ಹಾಳೆಗೆ ಸಿಗುವುದು ಕೆಳಗಿನ ಸಾಲು. ಅದನ್ನು ಓದಲು ದೊಡ್ಡವರು ಬಗ್ಗಬೇಕು. ಆದ್ದರಿಂದ ಈ ಗ್ರಂಥಾಲಯಕ್ಕೆ ಹೋದಾಗ ಕಣ್ಣು ಮೊದಲು ಕೆಳಗಿನ ಸಾಲಿಗೆ ಹೋಗಲಿ. ಒಂದರ ಮೇಲೊಂದು ಚುಚ್ಚಿದ ಹಾಳೆಗಳಿದ್ದರೆ ಹೊಸದು ಮೇಲೇ ಇರುತ್ತದೆ ಅಂದುಕೊಳ್ಳಬೇಡಿ. ಪಿನ್ನು ಕಡಿಮೆ ಇದ್ದ ದಿನ ಹಳೆಯ ಹಾಳೆಯ ಅಡಿಗೇ ಹೊಸದನ್ನು ಸಿಕ್ಕಿಸಿರುತ್ತಾರೆ.

ಜೂನ್‌ನಿಂದ ಆಗಸ್ಟ್‌ವರೆಗೆ ಇನ್ನೊಂದು ತೊಂದರೆ. ಮಲೆನಾಡಿನ ಕಡೆಯಿಂದ ಬೀಸುವ ತೇವದ ಗಾಳಿಗೆ ಹಾಳೆ ಉಬ್ಬಿ ಸುರುಳಿಯಾಗುತ್ತದೆ, ಪಿನ್ನು ತುಕ್ಕು ಹಿಡಿದು ಸುತ್ತ ಕಂದು ಕಲೆ ಬಿಡುತ್ತದೆ. ಇಂಕ್‌ಜೆಟ್‌ನಲ್ಲಿ ತೆಗೆದ ಪ್ರಿಂಟ್ ಆದರೆ ಅಕ್ಷರ ಹರಡಿ 3 ಯಾವುದು, 8 ಯಾವುದು ತಿಳಿಯುವುದಿಲ್ಲ. ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್ ಪ್ರತಿಗೆ ಈ ಕಾಟವಿಲ್ಲ, ಏಕೆಂದರೆ ಅದರ ಮಸಿ ನೀರಿಗೆ ಕರಗುವ ಶಾಯಿಯಲ್ಲ, ಬಿಸಿಗೆ ಕರಗಿ ಕಾಗದಕ್ಕೆ ಅಂಟಿದ ಪುಡಿ. ಕಾರ್ಯಕ್ರಮ ನಡೆಸುವ ಸಂಘದವರು ತಾವೇ ಹಾಳೆ ತಂದುಕೊಡುವುದಾದರೆ ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿಯೇ ತನ್ನಿ.

ಇದೆಲ್ಲಕ್ಕಿಂತ ದೊಡ್ಡ ದೋಷ ಬರವಣಿಗೆಯದು. ‘ಇದೇ ಭಾನುವಾರ ಬೆಳಗ್ಗೆ 10ಕ್ಕೆ’ ಎಂದು ಬರೆದು, ಹಾಳೆ ಅಂಟಿಸಿದ ದಿನಾಂಕ ಹಾಕದಿದ್ದರೆ ಯಾವ ಭಾನುವಾರ? ಎರಡು ವಾರ ಕಳೆದರೂ ಹಾಳೆ ಅಲ್ಲೇ ಇರುತ್ತದೆ, ಓದಿದವರು ಮಕ್ಕಳನ್ನು ಕರೆದುಕೊಂಡು ಬಂದು ಖಾಲಿ ಕೊಠಡಿ ನೋಡಿ ಹಿಂತಿರುಗುತ್ತಾರೆ. ಹೀಗೆ ಒಮ್ಮೆ ಬಂದು ಹೋದ ತಾಯಿ ಇನ್ನೊಮ್ಮೆ ಬರುವುದು ಕಷ್ಟ. ಸೂಚನೆಯಲ್ಲಿ ತಾರೀಕು, ವಾರ, ಇಸವಿ, ಶುರುವಾಗುವ ಮತ್ತು ಮುಗಿಯುವ ಸಮಯ, ಯಾವ ವಯಸ್ಸಿನವರಿಗೆ, ಮೊದಲೇ ಹೆಸರು ಕೊಡಬೇಕೇ, ಈ ಆರು ವಿಷಯ ಇದ್ದರೆ ಸಾಕು. ಮುಖ್ಯ ಅತಿಥಿಗಳ ಪಟ್ಟಿ ಕೊನೆಗೆ ಬರಲಿ. ಈಗ ಹಾಳೆಯ ಮುಕ್ಕಾಲು ಭಾಗ ಅತಿಥಿಗಳ ಹೆಸರು, ಪದನಾಮಗಳೇ ತುಂಬಿರುತ್ತವೆ.

ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಅನ್ನುತ್ತದೆ. ಪುಸ್ತಕಗಳ ಕಪಾಟಿಗೆ ಈ ಸೂತ್ರವನ್ನು ನಮ್ಮ ಗ್ರಂಥಾಲಯ ಚೆನ್ನಾಗಿ ಪಾಲಿಸುತ್ತದೆ. ಕನ್ನಡ ಸಾಹಿತ್ಯ ಬೇಕೆಂದರೆ 894.814 ಸಂಖ್ಯೆಯ ಕಪಾಟಿನ ಮುಂದೆ ಎರಡು ನಿಮಿಷದಲ್ಲಿ ನಿಂತಿರುತ್ತೀರಿ. ಅದೇ ಶಿಸ್ತು ಸೂಚನಾ ಫಲಕಕ್ಕೂ ಬರಬೇಕು. ರಂಗನಾಥನ್ ಹುಟ್ಟಿದ ಆಗಸ್ಟ್ 12 ಗ್ರಂಥಪಾಲಕರ ದಿನ. ಅಂದು ಇಲ್ಲಿ ಚಿಕ್ಕ ಕಾರ್ಯಕ್ರಮ ಇರುತ್ತದೆ, ಪೂಜೆ, ಹೂಮಾಲೆ, ಅರ್ಧ ಗಂಟೆಯ ಮಾತು. ಅದಕ್ಕಾಗಿಯೇ ರಜೆ ಹಾಕಿ ಬರಬೇಕಿಲ್ಲ.

ಬರಬೇಕಾದದ್ದು ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹಕ್ಕೆ. ವರ್ಷದಲ್ಲಿ ಇದೇ ಅತ್ಯುತ್ತಮ ವಾರ. ಓದುವ ಕೊಠಡಿಯ ಉದ್ದನೆಯ ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿ ಪುಸ್ತಕ ಪ್ರದರ್ಶನ ಇಡುತ್ತಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್, ಸಂತೇಶಿವರದ ಎಸ್.ಎಲ್. ಭೈರಪ್ಪ, ಹಾಸನದವರೇ ಆದ ಬಾನು ಮುಷ್ತಾಕ್ ಹೀಗೆ ಜಿಲ್ಲೆಯ ಲೇಖಕರಿಗೆ ಒಂದು ಮೇಜು ಮೀಸಲಿಟ್ಟರೆ ಜನ ಅಲ್ಲೇ ನಿಲ್ಲುತ್ತಾರೆ. ಬಾನು ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲಂತೂ ಅವರ ಕಥಾಸಂಕಲನ ಕೇಳದವರಿಲ್ಲ. ಒಂದು ಎಚ್ಚರಿಕೆ: ಪ್ರದರ್ಶನದಲ್ಲಿಟ್ಟ ಪುಸ್ತಕವನ್ನು ಆ ವಾರ ಮನೆಗೆ ಕೊಡುವುದಿಲ್ಲ. ಶೀರ್ಷಿಕೆಯ ಜೊತೆಗೆ ಪುಸ್ತಕದೊಳಗೆ ಬರೆದಿರುವ ದಾಖಲಾತಿ ಸಂಖ್ಯೆಯನ್ನೂ ಗುರುತು ಹಾಕಿಕೊಂಡು ಕೌಂಟರಿನಲ್ಲಿ ಚೀಟಿ ಕೊಡಿ. ಬರೀ ಶೀರ್ಷಿಕೆ ಕೊಟ್ಟರೆ ಅದೇ ಪುಸ್ತಕದ ಬೇರೆ ಪ್ರತಿ ಹೊರಗೆ ಹೋಗಿದೆ ಅನ್ನುವ ಉತ್ತರ ಬರುತ್ತದೆ, ಪ್ರದರ್ಶನದ ಪ್ರತಿ ಕಪಾಟಿಗೆ ಮರಳಿದ್ದು ಯಾರ ಗಮನಕ್ಕೂ ಬರುವುದಿಲ್ಲ.

ಸಪ್ತಾಹದ ಸುದ್ದಿ ಹಾಸನದಲ್ಲಿ ಯಾಕೆ ಮುಳುಗುತ್ತದೆ ಅನ್ನುವುದಕ್ಕೆ ಊರಿನದೇ ಕಾರಣವಿದೆ. ಹಾಸನಾಂಬೆಯ ಬಾಗಿಲು ಆಶ್ವಯುಜದ ಹುಣ್ಣಿಮೆಯ ನಂತರ ತೆರೆದು ದೀಪಾವಳಿಯ ಬಲಿಪಾಡ್ಯಮಿಯ ಸುತ್ತ ಮುಚ್ಚುತ್ತದೆ. ಆ ದಿನಗಳಲ್ಲಿ ಊರಿನ ಗೋಡೆ, ಪತ್ರಿಕೆಯ ಪುಟ, ಜನರ ಮಾತು ಎಲ್ಲವೂ ಜಾತ್ರೆಯದು. 2023ರಲ್ಲಿ ಬಲಿಪಾಡ್ಯಮಿ ಬಿದ್ದದ್ದೇ ನವೆಂಬರ್ 14ಕ್ಕೆ, ಸಪ್ತಾಹದ ಮೊದಲ ದಿನವೇ ಸರ್ಕಾರಿ ರಜೆ. ದೀಪಾವಳಿ ನವೆಂಬರಿಗೆ ಬರುವ ವರ್ಷಗಳಲ್ಲಿ ಮೊದಲ ಎರಡು ದಿನ ಬಿಟ್ಟು, 16ರ ನಂತರದ ಕಾರ್ಯಕ್ರಮಗಳಿಗೆ ಹೋಗುವುದು ಒಳ್ಳೆಯದು. ಅದೇ ತಿಂಗಳಿಡೀ ರಾಜ್ಯೋತ್ಸವದ ಕಾರ್ಯಕ್ರಮಗಳೂ ಇರುವುದರಿಂದ ಭಾಷಣಕಾರರು ಒಂದೇ ಸಂಜೆ ಮೂರು ವೇದಿಕೆಗೆ ಒಪ್ಪಿಕೊಂಡಿರುತ್ತಾರೆ. ಸಂಜೆಯ ಗೋಷ್ಠಿಗಿಂತ ಬೆಳಗಿನ ಗೋಷ್ಠಿ ಸಮಯಕ್ಕೆ ಸರಿಯಾಗಿ ಶುರುವಾಗುವುದು ಈ ಕಾರಣಕ್ಕೇ.

ಬೇಸಿಗೆ ಶಿಬಿರದ ಕಥೆ ಬೇರೆ. ಏಪ್ರಿಲ್ ಎರಡನೇ ವಾರದಿಂದ ಶಾಲೆಗೆ ರಜೆ, ಮಕ್ಕಳು ಸಿಗುವ ಕಾಲ ಅದೇ. ಆದರೆ 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡು ಬೇಸಿಗೆಯೂ ಚುನಾವಣೆಯ ನೀತಿ ಸಂಹಿತೆಗೆ ಸಿಕ್ಕಿದವು. ಸಂಹಿತೆ ತಡೆಯುವುದು ರಾಜಕಾರಣಿಗಳಿಂದ ಸರ್ಕಾರಿ ಕಾರ್ಯಕ್ರಮದ ಉದ್ಘಾಟನೆಯನ್ನು, ಮಕ್ಕಳಿಗೆ ಕಥೆ ಓದುವುದನ್ನಲ್ಲ. ಆದರೂ ಸಿಬ್ಬಂದಿ ಚುನಾವಣಾ ಕೆಲಸಕ್ಕೆ ಹೋಗಿರುತ್ತಾರೆ, ಉಳಿದವರಿಗೆ ಅನುಮತಿಯ ಅಂಜಿಕೆ, ಹೀಗಾಗಿ ಶಿಬಿರದ ಹಾಳೆ ಕೊನೆಯ ಗಳಿಗೆಯವರೆಗೂ ಫಲಕಕ್ಕೆ ಬರುವುದಿಲ್ಲ. ಚುನಾವಣೆಯ ವರ್ಷ ಪೋಷಕರು ಮಾರ್ಚ್ ಮೊದಲ ವಾರವೇ ಕೌಂಟರಿಗೆ ಹೋಗಿ, ಉದ್ಘಾಟನೆ, ಅತಿಥಿ ಯಾವುದೂ ಬೇಡ, ವಾರಕ್ಕೆರಡು ದಿನ ಕಥೆ ಓದಿಸಿದರೆ ಸಾಕು ಎಂದು ಬರೆದುಕೊಡುವುದು ಕೆಲಸಕ್ಕೆ ಬರುವ ದಾರಿ.

ಪತ್ರಿಕೆಗಳ ಮೇಜಿನ ಬಗ್ಗೆ ಹೇಳಲೇಬೇಕು. ಇಳಿಜಾರು ಮರದ ಸ್ಟ್ಯಾಂಡು, ಪತ್ರಿಕೆಯ ನಡು ಮಡಿಕೆಗೆ ಅಡ್ಡಲಾಗಿ ಕಬ್ಬಿಣದ ಸರಳು, ಸರಳಿನ ತುದಿಗೆ ತಿರುಪು. ಹಾಳೆ ಯಾರೂ ಒಯ್ಯಬಾರದೆಂದು ಮಾಡಿದ್ದು, ಸರಿಯೇ. ಆದರೆ ಜಿಲ್ಲಾ ಪುಟದ ‘ಇಂದಿನ ಕಾರ್ಯಕ್ರಮಗಳು’ ಅಂಕಣ ಹಲವು ಪತ್ರಿಕೆಗಳಲ್ಲಿ ಬರುವುದು ಮಡಿಕೆಯ ಅಂಚಿಗೇ, ಸರಳು ಕೂರುವ ಜಾಗಕ್ಕೇ. ಪುಟವನ್ನು ಮೆಲ್ಲಗೆ ಎತ್ತಿ ಓರೆಯಾಗಿ ನೋಡಿದರೆ ಆ ನಾಲ್ಕು ಸಾಲು ಸಿಗುತ್ತವೆ. ಎಳೆದರೆ ಹಾಳೆ ಹರಿಯುತ್ತದೆ, ಮಧ್ಯಾಹ್ನದ ಓದುಗರಿಗೆ ಸುದ್ದಿ ಇಲ್ಲ. ಬೆಳಗ್ಗೆ ಒಬ್ಬರು ಆ ಅಂಕಣದಿಂದ ನಗರದ ಕಾರ್ಯಕ್ರಮಗಳನ್ನು ಒಂದು ಹಾಳೆಗೆ ಎತ್ತಿ ಬರೆದು ಮೇಜಿನ ತಲೆಗೆ ಅಂಟಿಸಿದರೆ ಹತ್ತು ನಿಮಿಷದ ಕೆಲಸ. ಕೆಲವು ತಿಂಗಳು ಓದುಗರೇ ಸರದಿಯಲ್ಲಿ ಇದನ್ನು ಮಾಡಿದಾಗ ಭಾನುವಾರದ ಗೋಷ್ಠಿಗೆ ಜನ ಹೆಚ್ಚಿದ್ದು ಕಣ್ಣಿಗೆ ಕಾಣುವಷ್ಟಿತ್ತು.

ವಾಟ್ಸ್‌ಆ್ಯಪ್ ಗುಂಪೂ ಇದೆ. ಅದರಲ್ಲಿ ಬರುವುದೆಲ್ಲ ಚಿತ್ರರೂಪದ ಪೋಸ್ಟರ್. ಕಾರಣ ಸರಳ: ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಫೋನಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಹಾಗಾಗಿ ಮುದ್ರಿಸಿ, ಫೋಟೊ ತೆಗೆದು ಕಳಿಸುತ್ತಾರೆ. ಫೋಟೊದೊಳಗಿನ ಅಕ್ಷರವನ್ನು ಗುಂಪಿನಲ್ಲಿ ಹುಡುಕಲಾಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದೂ ಇಲ್ಲ. ಇಸವಿ ಇಲ್ಲದ ಹೋದ ವರ್ಷದ ಪೋಸ್ಟರ್ ಈ ವರ್ಷ ಮತ್ತೆ ಓಡಾಡುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿ ಚಿತ್ರದ ಕೆಳಗೆ ಮೂರು ಸಾಲು ಬರೆದರೆ ಈ ಮೂರೂ ತೊಂದರೆ ಒಟ್ಟಿಗೆ ಹೋಗುತ್ತವೆ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಿಂದ ಇದೆ, ಓದಲು ಉಪಯುಕ್ತ. ಆದರೆ ನಿಮ್ಮ ಬಡಾವಣೆಯ ಭಾನುವಾರದ ಕಾರ್ಯಕ್ರಮ ಅಲ್ಲಿ ಹುಡುಕಬೇಡಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೂ ಕಾರ್ಯಕ್ರಮಕ್ಕೂ ಜಾಗದ ತಿಕ್ಕಾಟ ಇದ್ದೇ ಇದೆ. ಬಾಗಿಲು ತೆಗೆಯುವ ಮುಂಚೆಯೇ ಬ್ಯಾಗು ಹಿಡಿದು ನಿಲ್ಲುವ ಈ ಮಕ್ಕಳಿಗೆ ಒಂದು ಕುರ್ಚಿ ಅಂದರೆ ಒಂದು ದಿನದ ಓದು. ಮುನ್ಸೂಚನೆ ಇಲ್ಲದೆ ಮೇಜು ಸರಿಸಿ ಮೈಕ್ ಇಟ್ಟರೆ ಅವರು ಸಿಟ್ಟಾಗುವುದು ನ್ಯಾಯ. ಮೂರು ದಿನ ಮುಂಚೆ ಪ್ರತಿ ಮೇಜಿನ ಮೇಲೂ ಒಂದು ಚೀಟಿ ಇಟ್ಟು, ಕಾರ್ಯಕ್ರಮವನ್ನು ಎರಡು ಗಂಟೆಗೆ ಮುಗಿಸಿದ ಸಲ ಯಾರೂ ಗೊಣಗಲಿಲ್ಲ, ಅರ್ಧ ಜನ ಪುಸ್ತಕ ಮಡಚಿ ಕೇಳಲೂ ಕೂತರು. ಮಳೆಗಾಲದಲ್ಲಿ ಹಿಂಬದಿಯ ಶೀಟಿನ ಕೊಠಡಿಯಲ್ಲಿ ಕಾರ್ಯಕ್ರಮ ಇಡಲೇಬಾರದು. ಜೋರು ಮಳೆ ಬಿದ್ದರೆ ಮೈಕ್ ಇದ್ದರೂ ಮೂರನೇ ಸಾಲಿಗೆ ಮಾತು ಕೇಳುವುದಿಲ್ಲ.

ಬೇಡಿಕೆ ಪುಸ್ತಕವನ್ನು ಬಳಸಿ. ಕೌಂಟರಿನಲ್ಲಿ ಕೇಳಿದರೆ ಕೊಡುತ್ತಾರೆ. ‘ಒಳ್ಳೆಯ ಕಾದಂಬರಿ ತರಿಸಿ’ ಎಂದರೆ ಆ ಸಾಲು ಅಲ್ಲೇ ಉಳಿಯುತ್ತದೆ. ಲೇಖಕರು, ಶೀರ್ಷಿಕೆ, ಪ್ರಕಾಶನ, ಇಸವಿ, ಬೆಲೆ ಬರೆಯಿರಿ. ಕನ್ನಡ ಪುಸ್ತಕಗಳ ಸಗಟು ಆಯ್ಕೆ ರಾಜ್ಯ ಮಟ್ಟದ ಸಮಿತಿಯಲ್ಲಿ ಆಗುವುದರಿಂದ ಕೇಳಿದ್ದೆಲ್ಲ ಬರುವುದಿಲ್ಲ, ಬಂದರೂ ತಡ. ಆದರೆ ಕಾರ್ಯಕ್ರಮದ ಬೇಡಿಕೆಗೆ ಸ್ಥಳೀಯವಾಗಿಯೇ ಉತ್ತರ ಸಿಗುತ್ತದೆ. ಕೇಳಲು ಹಿಂಜರಿಕೆ ಬೇಡ. ಆಸ್ತಿ ತೆರಿಗೆಯ ಜೊತೆ ಶೇ. 6ರ ಗ್ರಂಥಾಲಯ ಕರವನ್ನು ನಾವೇ ಕಟ್ಟುತ್ತಿದ್ದೇವೆ, ರಸೀದಿ ತೆಗೆದು ನೋಡಿ. ಆ ಹಣ ಸ್ಥಳೀಯ ಸಂಸ್ಥೆಯಿಂದ ಗ್ರಂಥಾಲಯಕ್ಕೆ ದಾಟುವುದು ತಡವಾದರೆ ಮೊದಲು ನಿಲ್ಲುವುದೇ ಕಾರ್ಯಕ್ರಮದ ಖರ್ಚು.

ಆಲೂರು, ಬೇಲೂರು, ಅರಕಲಗೂಡಿನ ಹಳ್ಳಿಗಳಿಂದ ಓದುವವರಿಗೆ ಒಂದು ಮಾತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು, ಈಗ ಅವು ಅರಿವು ಕೇಂದ್ರಗಳು. ನಗರದ ಗ್ರಂಥಾಲಯ ಇರುವುದು ಬೇರೆ ಇಲಾಖೆಯ ಕೆಳಗೆ. ಇಲ್ಲಿನ ಸುದ್ದಿ ಅಲ್ಲಿನ ಫಲಕಕ್ಕೆ ತಾನಾಗಿ ಹೋಗುವುದಿಲ್ಲ, ಅಲ್ಲಿನದು ಇಲ್ಲಿಗೆ ಬರುವುದಿಲ್ಲ. ನಿಮ್ಮೂರಿನ ಮೇಲ್ವಿಚಾರಕರಿಗೆ ಇಲ್ಲಿನ ಹಾಳೆಯ ಫೋಟೊ ಕಳಿಸಿ. ಮಕ್ಕಳಿಗೆ ಅರಿವು ಕೇಂದ್ರದಲ್ಲಿ ಉಚಿತ ಸದಸ್ಯತ್ವ ಇದೆ, 2020ರ ‘ಓದುವ ಬೆಳಕು’ ಯೋಜನೆಯಿಂದ ಬಂದದ್ದು. ನಗರದ ಕಾರ್ಯಕ್ರಮಕ್ಕೆ ಬರುವ ಮುಂಚೆ ಅಂದು ಸೋಮವಾರವೇ ಎಂದು ನೋಡಿಕೊಳ್ಳಿ, ಅದು ಇಲ್ಲಿ ವಾರದ ರಜೆ. ಮುಂದೂಡಿಕೆಯ ಸುದ್ದಿ ಫಲಕಕ್ಕೆ ಬರುವುದು ಹಿಂದಿನ ದಿನ ಸಂಜೆಗೆ, ಹಾಗಾಗಿ ಬಸ್ಸು ಹತ್ತುವ ಮುಂಚೆ ಗ್ರಂಥಾಲಯಕ್ಕೆ ಒಂದು ಫೋನ್ ಮಾಡಿ ಕೇಳುವುದು ಮೇಲು.